ನಳಿಗೆಗೆ ಮೊದಲು ನೀರು, ಆಮೇಲೆ ಎಣ್ಣೆ

ಬಾಯಿಯಿಂದ ಮದ್ದು ತುಂಬುವ ಬೇಟೆಕೋವಿಗಳಲ್ಲಿ ದುರಸ್ತಿಗೆಂದು ನನ್ನ ಬಳಿಗೆ ಬರುವ ಹೆಚ್ಚಿನವು ಈಡು ಹಾರಿಸಿ ಸವೆದವಲ್ಲ, ಹಾರಿಸಿದ ಮೇಲೆ ತೊಳೆಯದೆ ಇಟ್ಟು ಕೆಟ್ಟವು. ಎಣ್ಣೆ ಸವರಿಯೇ ಇಟ್ಟಿದ್ದೆವಲ್ಲ ಎಂದು ಮಾಲೀಕರು ಹೇಳುತ್ತಾರೆ. ತೊಂದರೆಯ ಮೂಲ ಅಲ್ಲಿಯೇ ಇರುತ್ತದೆ.

ಈ ಕೋವಿಗಳಿಗೆ ತುಂಬುವ ಕಪ್ಪುಮದ್ದಿನಲ್ಲಿ ಸುಮಾರು 75 ಭಾಗ ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್), 15 ಭಾಗ ಇದ್ದಿಲು ಮತ್ತು 10 ಭಾಗ ಗಂಧಕ ಇರುತ್ತವೆ. ಅದು ಉರಿದಾಗ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗದೆ ಘನರೂಪದಲ್ಲಿ ಉಳಿಯುತ್ತದೆ. ಅದರಲ್ಲಿ ಒಂದಿಷ್ಟು ಹೊಗೆಯೊಂದಿಗೆ ಹೊರಬಿದ್ದು, ಮಿಕ್ಕದ್ದು ನಳಿಗೆಯ ಒಳಮೈಗೆ ಅಂಟಿಕೊಳ್ಳುತ್ತದೆ. ನೋಡಲು ಮಸಿಯಂತಿದ್ದರೂ ಅದರ ಬಹುಪಾಲು ಪೊಟ್ಯಾಸಿಯಂನ ಲವಣಗಳು. ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುವ ಈ ಲವಣಗಳು ನೀರಿನಲ್ಲಿ ಕರಗುತ್ತವೆಯೇ ಹೊರತು ಎಣ್ಣೆಯಲ್ಲಿ ಕರಗುವುದಿಲ್ಲವಾದ್ದರಿಂದ, ತೊಳೆಯದ ನಳಿಗೆಗೆ ಎಣ್ಣೆ ಹಾಕಿದರೆ ತುಕ್ಕು ಆ ಪದರದ ಅಡಿಯಲ್ಲೇ ಬೆಳೆಯುತ್ತದೆ.

ಆದ್ದರಿಂದ ಬೇಟೆ ಮುಗಿದ ದಿನವೇ ಕೋವಿಯನ್ನು ತೊಳೆಯಬೇಕು. ಅದಕ್ಕೂ ಮೊದಲು ಕುದುರೆಯಡಿಯ, ಅಂದರೆ ಬಡಿಯುವ ಸುತ್ತಿಗೆಯಂಥ ಭಾಗದ ಅಡಿಯ, ಕೇಪು (ಸಿಡಿದು ಮದ್ದಿಗೆ ಬೆಂಕಿ ಹೊತ್ತಿಸುವ ಪುಟ್ಟ ಟೊಪ್ಪಿ) ತೆಗೆದು, ಗಜವನ್ನು (ನಳಿಗೆಯೊಳಗೆ ಮದ್ದು ಒತ್ತುವ ಉದ್ದನೆಯ ಕೋಲು) ತಳಮುಟ್ಟ ಇಳಿಸಿ, ಖಾಲಿ ನಳಿಗೆಯ ಆಳಕ್ಕೆ ಗಜದ ಮೇಲೆ ಮಾಡಿಟ್ಟ ಗುರುತು ಬಾಯಿಗೆ ಸರಿಯಾಗಿ ನಿಲ್ಲುತ್ತದೆಯೇ ಎಂದು ನೋಡಿ. ಗುರುತು ಮೇಲೆ ನಿಂತರೆ ಒಳಗೆ ಈಡು ಉಳಿದಿದೆ ಎಂದೇ ತಿಳಿಯಬೇಕು. ನಳಿಗೆಗೆ ಬಾಯಿಟ್ಟು ಊದಿ ನೋಡುವ ಅಭ್ಯಾಸವನ್ನು ದಯವಿಟ್ಟು ಬಿಟ್ಟುಬಿಡಿ.

ಕೇಪು ಕೂರಿಸುವ ನಿಪ್ಪಲ್ಲನ್ನು ಬಿಚ್ಚಿ, ಸಾಧ್ಯವಿದ್ದರೆ ನಳಿಗೆಯನ್ನೂ ಕೋವಿಯ ಮರದ ಭಾಗದಿಂದ ಬೇರ್ಪಡಿಸಿ, ಸಾಬೂನು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅದರ ಬುಡವನ್ನು ಇಳಿಬಿಟ್ಟು, ಒದ್ದೆ ಬಟ್ಟೆ ಸುತ್ತಿದ ಗಜವನ್ನು ಮೇಲೆ ಕೆಳಗೆ ಆಡಿಸಿದರೆ ನೀರು ನಿಪ್ಪಲ್ಲಿನ ತೂತಿನಿಂದ ಒಳನುಗ್ಗಿ ಬುಡದ ಮೂಲೆಯನ್ನೂ ತೊಳೆಯುತ್ತದೆ. ಹೊರಡುವ ಕೊಳೆತ ಮೊಟ್ಟೆಯ ವಾಸನೆ ಗಂಧಕದ ಸಂಯುಕ್ತಗಳದ್ದು. ಕುದಿಯುವ ನೀರನ್ನು ನಾನು ಬಳಸುವುದಿಲ್ಲ. ಬಿಸಿಯಾದ ಉಕ್ಕಿನ ಮೇಲೆ ಕ್ಷಣಮಾತ್ರದಲ್ಲಿ ಕೆಂಪು ತುಕ್ಕು ಹೂವಿನಂತೆ ಅರಳುವುದನ್ನು ಹಲವು ಸಲ ಕಂಡಿದ್ದೇನೆ. ಬಳಿಕ ಬರಿಯ ನೀರಿನಿಂದ ಜಾಲಿಸಿ, ಬಟ್ಟೆ ಒಣಗಿಯೂ ಬಿಳಿಯಾಗಿಯೂ ಹೊರಬರುವವರೆಗೆ ಒರೆಸಿ, ಆಮೇಲಷ್ಟೇ ಎಣ್ಣೆ ಸವರಬೇಕು. ನಿಪ್ಪಲ್ಲಿನ ತಿರುಪಿನ ಸುತ್ತುಗಳಿಗೆ ತುಸು ಗ್ರೀಸ್ ಹಚ್ಚದಿದ್ದರೆ ಮುಂದಿನ ಸಲ ಅದು ಬಿಚ್ಚಿಬರುವುದು ಕಷ್ಟ.

ಮರುದಿನ ಇನ್ನೊಮ್ಮೆ ಒಣಬಟ್ಟೆ ಹಾಯಿಸಿ ನೋಡಿ. ಅದರಲ್ಲಿ ಕಂದುಬಣ್ಣ ಕಂಡರೆ ನೀರಿನಿಂದಲೇ ಮತ್ತೆ ಆರಂಭಿಸಬೇಕು. ಕೋವಿಯನ್ನು ಬಾಯಿ ಕೆಳಗಾಗಿ ಇಟ್ಟರೆ ಎಣ್ಣೆ ಬುಡಕ್ಕೆ ಇಳಿಯದು. ಆದರೂ ಮುಂದಿನ ಬಾರಿ ಮದ್ದು ತುಂಬುವ ಮೊದಲು ನಳಿಗೆಯನ್ನೂ ನಿಪ್ಪಲ್ಲಿನ ತೂತನ್ನೂ ಪೂರ್ತಿ ಒರೆಸಿ ಒಣಗಿಸಿಕೊಳ್ಳಬೇಕು, ಏಕೆಂದರೆ ಎಣ್ಣೆ ತಾಗಿದ ಮದ್ದು ಕೇಪು ಸಿಡಿದರೂ ಹೊತ್ತಿಕೊಳ್ಳದೆ ಇರಬಹುದು.