ಹಗೇವಿನ ಬಾಯಿ ತೆಗೆದ ಮೇಲೆ

"ದೆವ್ವದ ಪಿಕ್ಚರ್ ಮಾಡಬೇಕಂದ್ರ ಬೆಂಗಳೂರಿಗೇ ಹೋಗಬೇಕೇನ್ರಿ ಸರ?" ಕಲಬುರಗಿಯ ನನ್ನ ಎಡಿಟಿಂಗ್ ರೂಮಿಗೆ ಬರುವ ಹುಡುಗರು ಮೊದಲು ಕೇಳುವುದೇ ಇದನ್ನು. ಹೋಗಬೇಕಾಗುತ್ತದೆ, ಆದರೆ ಈಗಲೇ ಅಲ್ಲ. ಮೊದಲು ನಿಮ್ಮ ಮನೆಯಲ್ಲೇ ಮೂರು ನಿಮಿಷದ ಸಿನಿಮಾ ಒಂದನ್ನು ಮಾಡಿ ಮುಗಿಸಿ ಅನ್ನುತ್ತೇನೆ.

ನನ್ನ ಮೊದಲ ಕಿರುಚಿತ್ರ 22 ನಿಮಿಷದ್ದು. ಹಳೆಯ ವಾಡೆ, ಬಿಳಿ ಸೀರೆ, ಬಿಚ್ಚಿದ ಕೂದಲು, ಬಾಡಿಗೆಗೆ ತಂದ ಹೊಗೆ ಮಷಿನ್. ತೋರಿಸಿದಾಗ ಜನ ನಕ್ಕರು. ತುಂಬಾ ದಿನ ಆ ನಗು ನನ್ನನ್ನು ಕಾಡಿತು. ಆಮೇಲೆ ಅರ್ಥವಾಯಿತು. ಆ ಬಿಳಿ ಸೀರೆ ನಾನು ಬೇರೆ ಸಿನಿಮಾಗಳಲ್ಲಿ ನೋಡಿದ್ದು. ಅದಕ್ಕೆ ನಾನೇ ಯಾವತ್ತೂ ಹೆದರಿರಲಿಲ್ಲ.

ಸಣ್ಣವನಿದ್ದಾಗ ನಾನು ಹೆದರುತ್ತಿದ್ದದ್ದು ಹಗೇವಿಗೆ. ನೆಲದೊಳಗೆ ತೋಡಿ ಜೋಳ ತುಂಬಿಡುವ ಕಣಜ ಅದು. ಬಾಯಿ ತೆಗೆದ ಕೂಡಲೇ ಯಾರೂ ಇಳಿಯುವಂತಿಲ್ಲ. ಒಳಗಿನ ಗಾಳಿ ಕೆಟ್ಟಿರುತ್ತದೆ, ಇಳಿದವರು ಉಸಿರುಕಟ್ಟಿ ಸತ್ತದ್ದುಂಟು. ಮುತ್ಯಾ ಹಗ್ಗಕ್ಕೆ ಕಂದೀಲು ಕಟ್ಟಿ ಕೆಳಗೆ ಬಿಡುತ್ತಿದ್ದರು. ದೀಪ ಆರಿದರೆ "ಹಿಂದ ಸರೀರಿ" ಅನ್ನುತ್ತಿದ್ದರು. ನನ್ನ ಎರಡನೇ ಚಿತ್ರ ಅಷ್ಟೇ. ಒಬ್ಬ ಮುದುಕ, ಒಂದು ಹಗ್ಗ, ಆರುವ ಕಂದೀಲು. ಆಮೇಲೆ ಕೆಳಗಿನಿಂದ ಯಾರೋ ಹಗ್ಗ ಜಗ್ಗುತ್ತಾರೆ. ನಾಲ್ಕು ನಿಮಿಷ. ಕ್ಯಾಮೆರಾ ಮೇಲೆಯೇ ಇತ್ತು, ಹಗೇವಿನೊಳಗೆ ಯಾರನ್ನೂ ಇಳಿಸಲಿಲ್ಲ. ನೀವೂ ಇಳಿಸಬೇಡಿ. ನನಗೆ ನಿರ್ಮಾಪಕರು ಸಿಕ್ಕಿದ್ದು ಆ ನಾಲ್ಕು ನಿಮಿಷದಿಂದ.

ಸ್ವೀಡನ್ನಿನ ಡೇವಿಡ್ ಸ್ಯಾಂಡ್‌ಬರ್ಗ್ ನಡೆದದ್ದೂ ಇದೇ ದಾರಿ. 2013ರಲ್ಲಿ ತಮ್ಮ ಮನೆಯಲ್ಲೇ, ಹೆಂಡತಿಯನ್ನೇ ನಟಿಯಾಗಿಸಿ 'ಲೈಟ್ಸ್ ಔಟ್' ಮಾಡಿದರು. ಮೂರು ನಿಮಿಷವೂ ಇಲ್ಲ. ದೀಪ ಆರಿಸಿದರೆ ಒಂದು ಆಕೃತಿ ಕಾಣುತ್ತದೆ, ಹಾಕಿದರೆ ಇಲ್ಲ. 2016ರಲ್ಲಿ ಅದೇ ಹಾಲಿವುಡ್ಡಿನಲ್ಲಿ ಪೂರ್ಣ ಸಿನಿಮಾ ಆಯಿತು, ನಿರ್ದೇಶಕರು ಅವರೇ. ಹೊಸಬರ ನೂರು ಪುಟದ ಸ್ಕ್ರಿಪ್ಟ್ ಓದಲು ನಿರ್ಮಾಪಕರಿಗೆ ಪುರಸೊತ್ತಿರುವುದಿಲ್ಲ. ಮೂರು ನಿಮಿಷ ನೋಡಲು ಇರುತ್ತದೆ.

ಫೋನಿನ ಕ್ಯಾಮೆರಾ ಸಾಕು. ಫೋನಿನ ಮೈಕ್ ಸಾಲದು. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಮೊದಲು ಸೌಂಡ್ ರೆಕಾರ್ಡರಿಗೆ ಹಾಕಿ. ಶೂಟಿಂಗ್ ಮಾಡಿದ ಪ್ರತಿ ಕೋಣೆಯಲ್ಲೂ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ, ಒಂದು ನಿಮಿಷ ಆ ಖಾಲಿ ಕೋಣೆಯ ಸದ್ದು ಹಿಡಿದುಕೊಳ್ಳಿ. ಎಡಿಟಿಂಗಿನಲ್ಲಿ ಮಾತಿನ ನಡುವಿನ ತೂತು ಮುಚ್ಚುವುದು ಅದೇ. ಹಗೇವಿನ ಚಿತ್ರದಲ್ಲಿ ಸಂಗೀತವೇ ಇಲ್ಲ. ಶುರುವಿನಿಂದ ಜೀರುಂಡೆ ಸದ್ದು ಇದೆ. ಕಂದೀಲು ಆರುವ ಎರಡು ಸೆಕೆಂಡ್ ಮೊದಲು ಅದನ್ನು ಕತ್ತರಿಸಿದೆ. ಜನ ಕುರ್ಚಿಯ ಕೈ ಹಿಡಿದುಕೊಂಡದ್ದು ಆಗ, ದೀಪ ಆರಿದಾಗ ಅಲ್ಲ. ಮುಂದಿನ ಸಿನಿಮಾದಲ್ಲಿ ಎಲುಬು ಮುರಿಯುವ ಸದ್ದಿಗೆ ಒಣಗಿದ ತೊಗರಿ ಕಟ್ಟಿಗೆ ಮುರಿದೆವು. ನಮ್ಮ ಹೊಲಗಳಲ್ಲಿ ಅದಕ್ಕೇನು ಬರವೇ?

ಕಲಬುರಗಿಯ ಹಫ್ತ್ ಗುಂಬಜ್, ಅಂದರೆ ಬಹಮನಿ ಸುಲ್ತಾನರ ಗೋರಿಗಳನ್ನು ನೋಡಿದವರೆಲ್ಲ "ಇಲ್ಲೇ ಶೂಟ್ ಮಾಡೋಣ" ಅನ್ನುತ್ತಾರೆ. ಅದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಮೊದಲೇ ಅನುಮತಿ ಬೇಕು, ಶುಲ್ಕ ಕಟ್ಟಬೇಕು, ಅದೂ ಅಲ್ಲದೆ ಸಂಜೆಗೆ ಗೇಟ್ ಮುಚ್ಚುತ್ತದೆ. ಬೀದರ್ ಹತ್ತಿರದ ಅಷ್ಟೂರಿನ ಗೋರಿಗಳ ವಿಷಯ ಬೇರೆ. ಅಲ್ಲಿರುವ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗೋರಿಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಅನುಮತಿ ಸಿಕ್ಕರೂ ಅಲ್ಲಿಗೆ ದೆವ್ವವನ್ನು ಕರೆದೊಯ್ಯಲು ನನಗೆ ಮನಸ್ಸಿಲ್ಲ.

ಹೊಟ್ಟೆಪಾಡಿಗೆ ಮದುವೆ ವಿಡಿಯೋ, ಅಂಗಡಿ ಜಾಹೀರಾತು ಮಾಡಿದ್ದೇನೆ, ಈಗಲೂ ಮಾಡುತ್ತೇನೆ. ಕಾಯುವ ವರ್ಷಗಳು ಜಾಸ್ತಿ. 2012ರಲ್ಲಿ ಶೂಟಿಂಗ್ ಶುರುವಾದ ಹಿಂದಿಯ ಹಾರರ್ ಸಿನಿಮಾ 'ತುಂಬಾಡ್' ಥಿಯೇಟರಿಗೆ ಬಂದದ್ದು 2018ರಲ್ಲಿ.

ಕಾಗದಪತ್ರದ ವಿಷಯದಲ್ಲಿ ಮಾತ್ರ ಅವಸರ ಬೇಡ. 1968ರಲ್ಲಿ ಜಾರ್ಜ್ ರೊಮೆರೊ ಮಾಡಿದ 'ನೈಟ್ ಆಫ್ ದ ಲಿವಿಂಗ್ ಡೆಡ್' ಸಿನಿಮಾದ ಹೆಸರು ಬದಲಿಸುವಾಗ, ವಿತರಕರು ಹಕ್ಕಿನ ಸೂಚನೆಯನ್ನು ಪರದೆಯ ಮೇಲೆ ಹಾಕದೆ ಬಿಟ್ಟರು. ಆಗಿನ ಅಮೆರಿಕದ ಕಾನೂನಿನಲ್ಲಿ ಅಷ್ಟಕ್ಕೇ ಹಕ್ಕು ಹೋಯಿತು. ಯಾರು ಬೇಕಾದರೂ ಅದನ್ನು ತೋರಿಸಿ ದುಡ್ಡು ಮಾಡಿಕೊಂಡರು. ನಮ್ಮ ಹಕ್ಕುಸ್ವಾಮ್ಯ ಕಾಯ್ದೆ ಸ್ವಲ್ಪ ಕರುಣೆಯದು. ಹಕ್ಕು ಬರೆದುಕೊಡುವ ಪತ್ರದಲ್ಲಿ ಅವಧಿ ಇಲ್ಲದಿದ್ದರೆ ಅದನ್ನು 5 ವರ್ಷ ಎಂದು ಹಿಡಿಯುತ್ತದೆ. ನನ್ನ ಮೊದಲ ಪೂರ್ಣ ಸಿನಿಮಾದ ಪತ್ರದಲ್ಲಿ ಅವಧಿ ಇತ್ತು: "ಶಾಶ್ವತ". ನಾನೂ ನಿರ್ಮಾಪಕರೂ ಓದದೆ ಸಹಿ ಹಾಕಿದೆವು. ಇವತ್ತು ಆ ಸಿನಿಮಾ ನಮ್ಮದಲ್ಲ.

ಸೆನ್ಸಾರ್ ಬಗ್ಗೆಯೂ ಸ್ಕ್ರಿಪ್ಟ್ ಬರೆಯುವಾಗಲೇ ಯೋಚಿಸಿ. 'ಎ' (ವಯಸ್ಕರಿಗೆ ಮಾತ್ರ) ಪ್ರಮಾಣಪತ್ರ ಬಂದ ಸಿನಿಮಾ ಇದ್ದ ಹಾಗೆ ಟಿವಿಗೆ ಹೋಗುವುದಿಲ್ಲ, ಕತ್ತರಿಸಿ ಮತ್ತೆ 'ಯುಎ' (ಹಿರಿಯರ ಮಾರ್ಗದರ್ಶನದಲ್ಲಿ ಮಕ್ಕಳೂ ನೋಡಬಹುದು) ಪಡೆಯಬೇಕು. 2023ರ ತಿದ್ದುಪಡಿಯಿಂದ 'ಯುಎ'ಯಲ್ಲೇ 7, 13, 16 ವರ್ಷ ಎಂಬ ಮೂರು ಹಂತಗಳಿವೆ. ನನ್ನ ಹಗೇವಿನ ಚಿತ್ರದಲ್ಲಿ ಒಂದು ಹನಿ ರಕ್ತ ಇಲ್ಲ.

ಆಳಂದದ ಹುಡುಗನೊಬ್ಬ ಮೊನ್ನೆ ಎರಡು ನಿಮಿಷದ್ದೊಂದು ಕಳಿಸಿದ್ದ. ರಾತ್ರಿ ಪಡಸಾಲೆಯಲ್ಲಿ ಬೀಸುಕಲ್ಲಿನ ಸದ್ದು. ಅವ್ವ ಎದ್ದು ದೀಪ ಹಾಕುತ್ತಾಳೆ. ಯಾರೂ ಇಲ್ಲ, ಕಲ್ಲಿನ ಸುತ್ತ ಬಿಸಿ ಹಿಟ್ಟು ಮಾತ್ರ. ಅವಳು ಆ ಹಿಟ್ಟನ್ನು ಬೆರಳಲ್ಲಿ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡಾಗ ನನ್ನ ಮೈ ಜುಮ್ಮೆಂದಿತು. ಆದರೆ ಉದ್ದಕ್ಕೂ ಸೀಲಿಂಗ್ ಫ್ಯಾನಿನ ಸದ್ದು ತುಂಬಿದೆ. ಫ್ಯಾನ್ ಬಂದ್ ಮಾಡಿ ಇನ್ನೊಮ್ಮೆ ತೆಗಿ ಅಂದಿದ್ದೇನೆ. "ಈ ಬ್ಯಾಸಿಗ್ಯಾಗ ಅವ್ವ ಒಪ್ಪಂಗಿಲ್ರಿ ಸರ, ಕರೆಂಟ್ ಹೋದಾಗ ತೆಗಿತೀನಿ" ಅಂದ.