ಬಾಗಿಲು ದಾಟದ ಬೆಕ್ಕಿನ ಮರಿಗೆ ಯಾವ ಲಸಿಕೆ ಬೇಕು, ಯಾವುದು ಬೇಡ

ಮನೆಯೊಳಗೇ ಸಾಕುವ ಬೆಕ್ಕಿನ ಮರಿಗೆ ಎರಡು ಲಸಿಕೆ ಬೇಕೇ ಬೇಕು. ಒಂದು, ಮೂರು ಕಾಯಿಲೆಗೆ ಒಟ್ಟಿಗೆ ಹಾಕುವ ‘ತ್ರೀ ಇನ್ ಒನ್’. ಇನ್ನೊಂದು ರೇಬೀಸ್‌ನದು. ಇಷ್ಟು ಹೇಳಿದ ಕೂಡಲೇ ಎದುರು ಕೂತವರ ಪ್ರಶ್ನೆ ಬಂದೇ ಬರುತ್ತದೆ: “ಅಲ್ಲ ಡಾಕ್ಟ್ರೇ, ಇದು ಬಾಗಿಲು ದಾಟುವುದೇ ಇಲ್ಲ. ನಮ್ಮ ಫ್ಲ್ಯಾಟ್ ಇರುವುದು ಏಳನೇ ಮಾಳಿಗೆಯಲ್ಲಿ. ಮತ್ತೆ ಯಾಕೆ ಸುಮ್ನೆ ಚುಚ್ಚುವುದು?”

ಕೇಳುವುದರಲ್ಲಿ ತಪ್ಪೇನಿಲ್ಲ. ಆಗ ನಾನು ಅವರ ಮನೆಯ ಬಗ್ಗೆ ವಿಚಾರಿಸುತ್ತೇನೆ. ಚಪ್ಪಲಿ ಬಿಡುವುದು ಎಲ್ಲಿ? ಮನೆಯಲ್ಲಿ ನಾಯಿ ಉಂಟಾ? ಮಕ್ಕಳು ಕೆಳಗೆ ಬೀದಿ ಬೆಕ್ಕಿಗೆ ಬಿಸ್ಕತ್ತು ಹಾಕುತ್ತಾರಾ? ಬಾಲ್ಕನಿಗೆ ಬಲೆ ಇದೆಯಾ? ರಜೆಗೆ ಊರಿಗೆ ಹೋಗುವಾಗ ಮರಿ ಯಾರ ಹತ್ತಿರ ಇರುತ್ತದೆ? ಮಣಿಪಾಲದ ವಿದ್ಯಾರ್ಥಿಗಳಿಗೆ ಈ ಕೊನೆಯ ಪ್ರಶ್ನೆ ತಪ್ಪದೆ ಕೇಳುತ್ತೇನೆ. ಪರೀಕ್ಷೆ ಮುಗಿಯಿತೆಂದರೆ ಅವರ ಬೆಕ್ಕು ಗೆಳೆಯರ ರೂಮಿಗೆ ಹೋಗುತ್ತದೆ, ಅಲ್ಲಿ ಮೊದಲೇ ಇನ್ನೆರಡು ಬೆಕ್ಕು ಇರುತ್ತವೆ. ಬೆಕ್ಕು ಹೊರಗೆ ಹೋಗದಿದ್ದರೂ ಹೊರಗಿನದು ಒಳಗೆ ಬರುತ್ತಲೇ ಇರುತ್ತದೆ, ಅಲ್ವಾ?

ತ್ರೀ ಇನ್ ಒನ್‌ನಲ್ಲಿ ಅತಿ ಮುಖ್ಯವಾದದ್ದು ಪ್ಯಾನ್‌ಲ್ಯುಕೋಪೀನಿಯಾ ಎಂಬ ಕಾಯಿಲೆಯ ಭಾಗ. ಹೆಸರು ಉದ್ದ, ಕಾಯಿಲೆ ಮಾತ್ರ ಬಹಳ ಚುರುಕು. ನಿನ್ನೆ ಆಡುತ್ತಿದ್ದ ಮರಿ ಇವತ್ತು ಮೂಲೆ ಹಿಡಿಯುತ್ತದೆ. ಜ್ವರ, ವಾಂತಿ, ಆಮೇಲೆ ಭೇದಿ. ನೀರಿನ ಬಟ್ಟಲಿನ ಮೇಲೆ ತಲೆ ಬಗ್ಗಿಸಿ ಕೂರುತ್ತದೆ, ಕುಡಿಯುವುದಿಲ್ಲ. ರಕ್ತ ಪರೀಕ್ಷೆ ಮಾಡಿದರೆ ಬಿಳಿ ರಕ್ತಕಣ ಪಾತಾಳಕ್ಕಿಳಿದಿರುತ್ತದೆ. ಲಸಿಕೆ ಆಗದ ಮರಿಗಳಲ್ಲಿ ಸಾವು ಜಾಸ್ತಿ, ಅದೂ ಕೆಲವೇ ದಿನಗಳಲ್ಲಿ. ಎಷ್ಟು ಬೇಗ ಆಗಿಬಿಡುತ್ತದೆ ಅಂದರೆ, “ಪಕ್ಕದ ಮನೆಯವರು ವಿಷ ಹಾಕಿದ್ದಾರೆ” ಅಂತಲೇ ಎಷ್ಟೋ ಮಂದಿ ನಂಬಿಕೊಂಡು ಬರುತ್ತಾರೆ. ಪಕ್ಕದ ಮನೆಯವರ ಪಾಲಿಗೆ ಒಂದು ರಕ್ತ ಪರೀಕ್ಷೆಯಿಂದ ದೊಡ್ಡ ಉಪಕಾರವಾಗುತ್ತದೆ.

ಈ ವೈರಸ್ಸಿಗೆ ಬೆಕ್ಕೇ ಎದುರು ಬರಬೇಕೆಂದಿಲ್ಲ. ಕಾಯಿಲೆ ಬಿದ್ದ ಬೆಕ್ಕಿನ ಮಲ ತಾಗಿದ ಮಣ್ಣು ಸಾಕು. ನೆಲದ ಮೇಲೆ, ಬುಟ್ಟಿಯಲ್ಲಿ, ಬಟ್ಟೆಯ ಸಂದಿನಲ್ಲಿ ಒಂದು ವರ್ಷದವರೆಗೂ ಬದುಕಿರಬಲ್ಲದು. ಮೀನು ಮಾರುಕಟ್ಟೆಯ ಹಿಂಬದಿಯಲ್ಲಿ ಹತ್ತಾರು ಬೆಕ್ಕು ಓಡಾಡುತ್ತವೆ. ಅಲ್ಲಿ ಬೂತಾಯಿ ಕೊಂಡು, ಅದೇ ಚಪ್ಪಲಿಯಲ್ಲಿ ಲಿಫ್ಟ್ ಹತ್ತಿ ಬಂದು, ಬಾಗಿಲ ಒಳಗೆ ಬಿಟ್ಟರೆ ಆಯಿತು. ಮರಿ ಮೊದಲು ಹೋಗಿ ಮೂಸುವುದೇ ಅದನ್ನು. ಮನೆಯಲ್ಲಿ ನಾಯಿ ಇದ್ದರೆ ಇನ್ನೊಂದು ದಾರಿ. 1978ರಲ್ಲಿ ಜಗತ್ತಿನ ಎಲ್ಲ ಕಡೆ ಹಬ್ಬಿದ ನಾಯಿಗಳ ಪಾರ್ವೋ ಈ ವೈರಸ್ಸಿನ ಹತ್ತಿರದ ಸಂಬಂಧಿ. ಈಗಿನ ಪಾರ್ವೋ ತಳಿಗಳು ಬೆಕ್ಕಿಗೂ ತಗಲುತ್ತವೆ.

ಹಿಂದೆ ಇದೇ ಕಾಯಿಲೆಯಲ್ಲಿ ಬೆಕ್ಕು ಸತ್ತ ಮನೆಯಾದರೆ, ಹೊಸ ಮರಿ ತರುವ ಮೊದಲು ನೆಲ ತೊಳೆಯುವುದು ಹೇಗೆಂದು ಕೇಳಿ ತಿಳಿದುಕೊಳ್ಳಿ. ಫಿನಾಯಿಲ್ ಸುರಿದರೆ ಮುಗಿಯಿತು ಅಂದುಕೊಳ್ಳುವವರು ಜಾಸ್ತಿ. ಫಿನಾಯಿಲ್‌ಗೆ ಈ ವೈರಸ್ ಸಾಯುವುದಿಲ್ಲ. ಮೇಲಿಂದ, ಕಪ್ಪು ಫಿನಾಯಿಲ್ ಬೆಕ್ಕಿಗೇ ವಿಷ: ಒದ್ದೆ ನೆಲದಲ್ಲಿ ನಡೆದು ಪಾದ ನೆಕ್ಕಿಕೊಂಡರೂ ತೊಂದರೆ. ಮೊದಲು ಸೋಪಿನ ನೀರಲ್ಲಿ ಕೊಳೆ ತೆಗೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ ಸುಮಾರು 30 ಮಿಲಿ ಬಟ್ಟೆಗೆ ಹಾಕುವ ಸಾದಾ ಬ್ಲೀಚ್ ದ್ರಾವಣ ಸೇರಿಸಿ ಒರೆಸಿ. ಹತ್ತು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ. ಬ್ಲೀಚ್‌ಗೆ ಸೋಪನ್ನಾಗಲಿ ಫಿನಾಯಿಲನ್ನಾಗಲಿ ಬೆರೆಸಬೇಡಿ.

ತ್ರೀ ಇನ್ ಒನ್‌ನ ಉಳಿದ ಎರಡು, ಹರ್ಪಿಸ್ ಮತ್ತು ಕ್ಯಾಲಿಸಿ. ಎರಡೂ ಬೆಕ್ಕಿನ ಶೀತದ ವೈರಸ್‌ಗಳು. ಕಣ್ಣಲ್ಲಿ ಪಿಸರು, ಸೀನು, ಮೂಗು ಕಟ್ಟುವುದು. ಕ್ಯಾಲಿಸಿಯಾದರೆ ನಾಲಿಗೆಯಲ್ಲಿ ಹುಣ್ಣು. ಈ ಲಸಿಕೆ ಸೋಂಕನ್ನೇ ಪೂರ್ತಿ ತಡೆಯುವುದಿಲ್ಲ, ಕಾಯಿಲೆಯ ಜೋರನ್ನು ತಗ್ಗಿಸುತ್ತದೆ. ಇದನ್ನು ಮೊದಲೇ ಹೇಳದಿದ್ದರೆ “ಇಂಜೆಕ್ಷನ್ ಆದಮೇಲೂ ಸೀನುತ್ತದಲ್ಲ” ಅಂತ ಫೋನ್ ಬರುತ್ತದೆ. ಹರ್ಪಿಸ್ ಒಮ್ಮೆ ಹೊಕ್ಕರೆ ಜೀವಮಾನವಿಡೀ ಮೈಯೊಳಗೆ ಅಡಗಿ ಕೂರುತ್ತದೆ. ಮನೆ ಬದಲಿಸಿದಾಗ, ಹೊಸ ಬೆಕ್ಕು ಬಂದಾಗ ಮತ್ತೆ ತಲೆ ಎತ್ತುತ್ತದೆ. ಬೀದಿಯಿಂದ ತಂದ ಮರಿಗಳಲ್ಲಿ ಬಹಳಷ್ಟು ಇದನ್ನು ತಾಯಿಯಿಂದಲೇ ಹೊತ್ತು ಬಂದಿರುತ್ತವೆ.

ಇನ್ನು ಡೋಸ್ ಲೆಕ್ಕ. ಹೆಚ್ಚಿನವರು ಎಡವುವುದು ಇಲ್ಲೇ. ಹುಟ್ಟಿದ ದಿನ ಕುಡಿದ ಗಿಣ್ಣದ ಹಾಲಿನಿಂದ ಮರಿಗೆ ತಾಯಿಯ ರೋಗನಿರೋಧಕ ಶಕ್ತಿ ಬರುತ್ತದೆ. ಅದು ಮರಿಯನ್ನು ಕಾಯುತ್ತದೆ, ನಿಜ. ಆದರೆ ನಾವು ಹಾಕಿದ ಲಸಿಕೆಯನ್ನೂ ಅದು ಕೆಲಸ ಮಾಡಲು ಬಿಡುವುದಿಲ್ಲ. ಈ ಶಕ್ತಿ ಒಂದು ಮರಿಯಲ್ಲಿ ಎಂಟು ವಾರಕ್ಕೇ ಇಳಿಯುತ್ತದೆ, ಇನ್ನೊಂದರಲ್ಲಿ 16 ವಾರ ದಾಟಿದರೂ ಇರುತ್ತದೆ. ಒಂದೇ ಸೂಲಿನ ಮರಿಗಳಲ್ಲೂ ವ್ಯತ್ಯಾಸ ಇರುತ್ತದೆ. ಯಾವ ಮರಿಯಲ್ಲಿ ಯಾವಾಗ ಇಳಿಯುತ್ತದೆಂದು ಹೊರಗಿನಿಂದ ನೋಡಿ ಹೇಳಲಾಗದು. ಹಾಗಾಗಿ ಆರರಿಂದ ಎಂಟು ವಾರಕ್ಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ ಹಾಕುತ್ತಾ, ಕೊನೆಯ ಡೋಸ್ 16 ವಾರಕ್ಕೆ ಅಥವಾ ಆಮೇಲೆ ಬರುವಂತೆ ನೋಡಿಕೊಳ್ಳುತ್ತೇವೆ. ಎಂಟು, ಹನ್ನೆರಡು, ಹದಿನಾರು: ಇದು ಸಾಮಾನ್ಯ ಲೆಕ್ಕ.

ಎಂಟಕ್ಕೂ ಹನ್ನೆರಡಕ್ಕೂ ಹಾಕಿಸಿ “ಎರಡು ಡೋಸ್ ಆಯ್ತಲ್ಲ” ಅಂತ ನಿಲ್ಲಿಸುವವರಿಗೆ ನಾನು ಹೇಳುವುದು ಇಷ್ಟೇ: ಮೂರರಲ್ಲಿ ಒಂದನ್ನು ಮಾತ್ರ ತಪ್ಪಿಸಬಾರದು ಅಂತಿದ್ದರೆ, ಅದು ಕೊನೆಯದು. ದುಡ್ಡಿನ ಕಷ್ಟ ಇದ್ದರೂ ಈ ಲೆಕ್ಕ ಹಿಡಿದೇ ಮಾತಾಡಿ. ವಿಶ್ವ ಸಣ್ಣ ಪ್ರಾಣಿ ಪಶುವೈದ್ಯರ ಸಂಘ, ಅಂದರೆ ಡಬ್ಲ್ಯುಎಸ್‌ಎವಿಎ, 2024ರ ಮಾರ್ಗಸೂಚಿಯಲ್ಲಿ ಇನ್ನೊಂದು ಮಾತು ಹೇಳಿದೆ. ಮೊದಲ ಬೂಸ್ಟರ್‌ಗೆ ವರ್ಷ ತುಂಬುವವರೆಗೆ ಕಾಯುವ ಬದಲು ಆರು ತಿಂಗಳಿಗೇ, ಅಂದರೆ 26 ವಾರಕ್ಕೇ ಹಾಕಿಸುವುದು ಒಳ್ಳೆಯದು ಅಂತ. 16 ವಾರಕ್ಕೂ ಲಸಿಕೆ ಹಿಡಿಯದ ಮರಿಗಳು ಅರ್ಧ ವರ್ಷ ಬರಿಗೈಯಲ್ಲಿ ಇರುವುದು ಇದರಿಂದ ತಪ್ಪುತ್ತದೆ. ನಾನೂ ಈಗ ಹಾಗೇ ಬರೆದು ಕೊಡುತ್ತೇನೆ. ಸಂತಾನಹರಣ ಆಪರೇಷನ್ ಬಗ್ಗೆ ಮಾತಾಡುವ ವಯಸ್ಸೂ ಅದೇ, ಎರಡಕ್ಕೂ ಒಂದೇ ಭೇಟಿ ಸಾಕು.

“ಹುಟ್ಟಿದ ದಿನ ಯಾರಿಗೆ ಗೊತ್ತು, ಮಳೆಯಲ್ಲಿ ಬೈಕಿನ ಅಡಿ ಸಿಕ್ಕಿದ್ದು” ಅನ್ನುವವರು ಜೂನ್ ಬಂದರೆ ಜಾಸ್ತಿ. ಬಾಯಿ ತೆರೆದು ನೋಡಿದರೆ ಅಂದಾಜು ಸಿಗುತ್ತದೆ. ಕೋರೆಹಲ್ಲು ಈಗಷ್ಟೇ ಮೊಳೆತಿದ್ದರೆ ಮೂರು ನಾಲ್ಕು ವಾರ. ಹಾಲುಹಲ್ಲು ಪೂರ್ತಿ ಬಂದಿದ್ದರೆ ಎಂಟು ವಾರದ ಆಸುಪಾಸು. ಮುಂದಿನ ಸಣ್ಣ ಹಲ್ಲು ಬಿದ್ದು ದೊಡ್ಡದು ಬರುತ್ತಿದ್ದರೆ ನಾಲ್ಕು ತಿಂಗಳ ಹತ್ತಿರ. ಎಳೆ ಮರಿಯ ನೀಲಿ ಕಣ್ಣು ಆರೇಳು ವಾರಕ್ಕೆ ಬಣ್ಣ ಬದಲಿಸುತ್ತದೆ. ತೂಕವನ್ನೂ ನೋಡುತ್ತೇವೆ. ಆದರೆ ಹಸಿದ ಮರಿಯ ತೂಕ ನಂಬುವ ಹಾಗಿಲ್ಲ, ಹಲ್ಲನ್ನೇ ನಂಬುವುದು. ಅನುಮಾನ ಇದ್ದರೆ ವಯಸ್ಸು ಸ್ವಲ್ಪ ಕಮ್ಮಿ ಅಂತಲೇ ಹಿಡಿದು ಕೊನೆಯ ಡೋಸನ್ನು ಮುಂದೆ ಹಾಕುತ್ತೇನೆ.

ರೇಬೀಸ್ ವಿಚಾರದಲ್ಲಿ ನನ್ನ ಹತ್ತಿರ ಚೌಕಾಸಿ ಇಲ್ಲ. 12 ವಾರ ತುಂಬಿದ ಮೇಲೆ ಒಂದು, ವರ್ಷಕ್ಕೆ ಇನ್ನೊಂದು, ಆಮೇಲೆ ಬಾಟಲಿಯ ಮೇಲಿರುವ ಅವಧಿಯಂತೆ. ನಮ್ಮಲ್ಲಿ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಫ್ಲ್ಯಾಟಿನ ಬೆಕ್ಕಿಗೆ ರೇಬೀಸ್ ಬರುವ ಸಾಧ್ಯತೆ ಕಮ್ಮಿ, ಒಪ್ಪುತ್ತೇನೆ. ಆದರೆ ಗ್ಯಾಸಿನವನು ಬಂದಾಗ ಬಾಗಿಲ ಸಂದಿನಿಂದ ಜಾರಿ ಎರಡು ದಿನ ಕಾಣೆಯಾದ ಬೆಕ್ಕುಗಳನ್ನು ನಾನು ನೋಡುತ್ತಲೇ ಇರುತ್ತೇನೆ. ಹಂಚಿನ ಮನೆಯಾದರೆ ಕೇಳುವುದೇ ಬೇಡ. ಅಟ್ಟದಿಂದ ಮಾಡಿಗೆ, ಮಾಡಿನಿಂದ ಹಿತ್ತಿಲಿಗೆ ದಾರಿ ಬೆಕ್ಕಿಗೆ ಗೊತ್ತು, ನಮಗೆ ಗೊತ್ತಿಲ್ಲ ಅಷ್ಟೇ. ಹಿತ್ತಿಲಲ್ಲಿ ನಾಯಿ ಇರುತ್ತದೆ, ಮುಂಗುಸಿಯೂ ಇರುತ್ತದೆ. ಮುಂಗುಸಿಯಲ್ಲೂ ರೇಬೀಸ್ ಕಂಡುಬಂದಿದೆ. ಲಕ್ಷಣ ಶುರುವಾದ ಮೇಲೆ ಬೆಕ್ಕಿಗೂ ಮನುಷ್ಯರಿಗೂ ಮದ್ದಿಲ್ಲ.

ಈ ಲಸಿಕೆ ಮರಿಗೆಷ್ಟು ಮುಖ್ಯವೋ ಮನೆಯವರಿಗೂ ಅಷ್ಟೇ ಮುಖ್ಯ. ಮರಿ ಅಂದಮೇಲೆ ಪರಚುತ್ತದೆ, ಕಚ್ಚುತ್ತದೆ. ಬೀದಿಯಿಂದ ತಂದ, ಲಸಿಕೆ ಆಗದ ಮರಿ ರಕ್ತ ಬರುವಂತೆ ಕಚ್ಚಿದರೆ ಅರಿಶಿನ ಮೆತ್ತುತ್ತಾ ಕೂರಬೇಡಿ. ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೋ ಹತ್ತಿರದ ಆಸ್ಪತ್ರೆಗೋ ಅದೇ ದಿನ ಹೋಗಿ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಹೊತ್ತಿಗೆ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುವುದುಂಟು, ವಿಚಾರಿಸಿ ನೋಡಿ. ಗಲ್ಫ್‌ಗೆ ಬೆಕ್ಕನ್ನು ಕರೆದುಕೊಂಡು ಹೋಗುವ ಅಂದಾಜು ಇದ್ದವರು ಮೈಕ್ರೋಚಿಪ್ ಮೊದಲು ಹಾಕಿಸಿ, ರೇಬೀಸ್ ಲಸಿಕೆ ಆಮೇಲೆ. ಚಿಪ್‌ಗಿಂತ ಮೊದಲು ಹಾಕಿದ್ದನ್ನು ಹಲವು ದೇಶಗಳು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬೇಡದ್ದರ ಪಟ್ಟಿ ಚಿಕ್ಕದು. ಕೆಲವು ಲಸಿಕೆಗಳಲ್ಲಿ ನಾಲ್ಕನೆಯದಾಗಿ ಕ್ಲಾಮಿಡಿಯಾ ಸೇರಿರುತ್ತದೆ. ಒಂಟಿ ಬೆಕ್ಕಿಗೆ ಅದರ ಅಗತ್ಯ ಇಲ್ಲ, ತುಂಬಾ ಬೆಕ್ಕುಗಳಿದ್ದು ಕಣ್ಣಿನ ಸೋಂಕು ಸುತ್ತುತ್ತಿರುವ ಮನೆಗೆ ಮಾತ್ರ. ಬೆಕ್ಕಿನ ಲ್ಯುಕೀಮಿಯಾ ವೈರಸ್ ಎಂಜಲಿನಿಂದ, ಒಂದನ್ನೊಂದು ನೆಕ್ಕುವುದರಿಂದ ಹರಡುತ್ತದೆ. ಬೇರೆ ಬೆಕ್ಕಿನ ಸಹವಾಸವೇ ಇಲ್ಲದಿದ್ದರೆ ಅದರ ಚಿಂತೆ ಕಮ್ಮಿ. ನಮ್ಮ ಕಡೆ ಅದರ ಲಸಿಕೆ ಸುಲಭಕ್ಕೆ ಸಿಗುವುದೂ ಇಲ್ಲ. ಎರಡನೇ ಬೆಕ್ಕು ತರುವ ಮೊದಲು ಅದಕ್ಕೊಂದು ರಕ್ತ ಪರೀಕ್ಷೆ ಮಾಡಿಸಿದರೆ ಒಳ್ಳೆಯದು. ಎಫ್‌ಐಪಿ, ಅಂದರೆ ಬೆಕ್ಕಿನ ಕರೋನಾ ವೈರಸ್‌ನಿಂದ ಬರುವ ಒಂದು ಗಂಭೀರ ಕಾಯಿಲೆ, ಅದರ ಲಸಿಕೆಯೂ ಬೇಡ. ಮಳೆಗಾಲದಲ್ಲಿ ನಮ್ಮ ಜಿಲ್ಲೆಗಳಲ್ಲಿ ಇಲಿ ಜ್ವರದ ಸುದ್ದಿ ಬಂದಾಗ “ನಾಯಿಗೆ ಹಾಕುವ ಹಾಗೆ ಬೆಕ್ಕಿಗೂ ಹಾಕಬೇಕಾ” ಅಂತ ಕೇಳುತ್ತಾರೆ. ಬೇಡ. ಬೆಕ್ಕಿಗೆ ಇಲಿ ಜ್ವರದಿಂದ ಕಾಯಿಲೆಯಾಗುವುದು ಬಹಳ ಅಪರೂಪ, ನಾಯಿಯ ಲಸಿಕೆ ಬೆಕ್ಕಿಗಲ್ಲ.

ಪರ್ಷಿಯನ್ ಮರಿ ದುಡ್ಡು ಕೊಟ್ಟು ತರುವವರು ಕಾರ್ಡ್ ನೋಡಿ. ದಿನಾಂಕದ ಎದುರು ಲಸಿಕೆ ಬಾಟಲಿಯಿಂದ ಕಿತ್ತು ಅಂಟಿಸಿದ ಸ್ಟಿಕ್ಕರ್ ಇರಬೇಕು, ಅದರಲ್ಲಿ ಬ್ಯಾಚ್ ನಂಬರ್ ಇರಬೇಕು, ಪಕ್ಕದಲ್ಲಿ ವೈದ್ಯರ ಸಹಿ. ಬರೀ ಪೆನ್ನಿನಲ್ಲಿ ‘ವ್ಯಾಕ್ಸಿನೇಟೆಡ್’ ಅಂತ ಬರೆದಿದ್ದರೆ ಆಗಿಲ್ಲ ಅಂತಲೇ ನಾನು ಲೆಕ್ಕ ಹಾಕುವುದು. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇರಬೇಕು. ಮೇ ತಿಂಗಳ ಸೆಕೆಯಲ್ಲಿ ಮೆಡಿಕಲ್‌ನಿಂದ ತಂದು, ಸ್ಕೂಟರಿನ ಡಿಕ್ಕಿಯಲ್ಲಿಟ್ಟು, ಮನೆಯಲ್ಲೇ ಚುಚ್ಚಿದ್ದಕ್ಕೆ ಯಾರೂ ಜವಾಬು ಹೇಳಲಾರರು.

ಲಸಿಕೆಗೆ ಬರುವ ದಿನ ಮರಿ ಆಟವಾಡುತ್ತಾ ತಿನ್ನುತ್ತಾ ಇರಬೇಕು. ಹುಳದ ಮದ್ದು ಮೊದಲೇ ಆಗಿದ್ದರೆ ಒಳ್ಳೆಯದು. ಜ್ವರವೋ ಭೇದಿಯೋ ಇದ್ದರೆ ವಾರ ಮುಂದೂಡುತ್ತೇವೆ. ಚುಚ್ಚುವುದನ್ನು ಭುಜಗಳ ನಡುವೆ ಬಿಟ್ಟು ಕಾಲಿನ ಕೆಳಭಾಗಕ್ಕೆ ಹಾಕಲು ಹೇಳಿ. ಬಹಳ ಅಪರೂಪಕ್ಕೆ ಚುಚ್ಚಿದ ಜಾಗದಲ್ಲಿ ಗಡ್ಡೆ ಬೆಳೆದು ಕ್ಯಾನ್ಸರ್ ಆಗುವುದುಂಟು, ಕಾಲಲ್ಲಿದ್ದರೆ ಚಿಕಿತ್ಸೆ ಸಾಧ್ಯ. ಸಣ್ಣ ಗಂಟು ಕೆಲವು ವಾರದಲ್ಲಿ ಕರಗುತ್ತದೆ. ಮೂರು ತಿಂಗಳಾದರೂ ಇದ್ದರೆ, 2 ಸೆಂಟಿಮೀಟರ್ ಮೀರಿದರೆ, ತಿಂಗಳ ನಂತರವೂ ದೊಡ್ಡದಾಗುತ್ತಿದ್ದರೆ ತೋರಿಸಿ. ಈ ಮೂರರಲ್ಲಿ ಒಂದಿದ್ದರೂ ಸಾಕು.

ಚುಚ್ಚಿದ ಮೇಲೆ ಕಾಲು ಗಂಟೆ ಕ್ಲಿನಿಕ್‌ನಲ್ಲೇ ಕೂತಿರಿ. ಮುಖ ಊದಿಕೊಂಡರೆ, ವಾಂತಿ ಮಾಡಿದರೆ, ಉಸಿರು ಕಟ್ಟಿದರೆ ಅಲ್ಲೇ ಮದ್ದು ಸಿಗುತ್ತದೆ. ಅವತ್ತು, ಮರುದಿನ ಮರಿ ಮಂಕಾಗಿ ಮಲಗಬಹುದು, ಮೈ ಸ್ವಲ್ಪ ಬಿಸಿ ಇರಬಹುದು. ಪಾಪ ಜ್ವರ ಅಂತ ಮನೆಯಲ್ಲಿದ್ದ ಪ್ಯಾರಸಿಟಮಾಲ್ ಅರ್ಧ ಮಾತ್ರೆ ಕೊಡುವವರಿದ್ದಾರೆ. ಅದು ಬೆಕ್ಕಿಗೆ ವಿಷ, ಸಣ್ಣ ಚೂರೂ ಮರಿಯ ಜೀವ ತೆಗೆಯುತ್ತದೆ. ಮಕ್ಕಳ ಸಿರಪ್ಪೂ ಅದೇ. ಎರಡು ದಿನ ಕಳೆದರೂ ಮರಿ ತಿನ್ನದಿದ್ದರೆ ಯಾವ ಮದ್ದೂ ಕೊಡದೆ ಕರೆದುಕೊಂಡು ಬನ್ನಿ. ಬಟ್ಟೆಯ ಚೀಲದಲ್ಲಿ ಬೇಡ, ಮುಚ್ಚಳ ಇರುವ ಬುಟ್ಟಿಯಲ್ಲಿ.