ಸ್ವಿಚ್ ಆರಿಸಿದ ಮೇಲೆ ಫ್ಯಾನ್ ನಿಲ್ಲಿಸೋದು ಯಾರು?

ಓದುಗರ ಪ್ರಶ್ನೆ: ಫ್ಯಾನ್ ಆಫ್ ಮಾಡಿದ ಕೂಡಲೇ ವೇಗ ಸರ್ರನೆ ಇಳಿಯುತ್ತದೆ. ಆಮೇಲೆ ನಿಧಾನಕ್ಕೆ ಸುತ್ತುತ್ತಲೇ ಇರುತ್ತದೆ. ಕೊನೆಗೆ ತಟ್ಟನೆ ನಿಂತುಬಿಡುತ್ತದೆ. ನಿಲ್ಲಿಸೋದು ಘರ್ಷಣೆ ಅಂತಾದರೆ ಒಂದೇ ಸಮನೆ ನಿಧಾನ ಆಗಬೇಕಿತ್ತು, ಅಲ್ವಾ?

ಉತ್ತರ: ಫ್ಯಾನಿಗೆ ತಡೆ ಒಡ್ಡೋರು ಒಬ್ಬರಲ್ಲ, ಇಬ್ಬರು. ಒಂದು ಗಾಳಿ, ಇನ್ನೊಂದು ಫ್ಯಾನಿನ ನಟ್ಟನಡುವೆ ಅದನ್ನು ಹಿಡಿದು ತಿರುಗಲು ಬಿಡುವ ಗುಂಡುಗಳ ಬಳೆ, ಅಂದರೆ ಬೇರಿಂಗ್. ಇಬ್ಬರ ಸ್ವಭಾವವೂ ಪೂರ್ತಿ ಬೇರೆ. ನೀವು ಕಂಡಿದ್ದೆಲ್ಲ ಅದರಿಂದಲೇ.

ಕರೆಂಟ್ ಹೋದಾಗ ಫ್ಯಾನಿನ 'ಶಕ್ತಿ ತೀರಿ' ಅದು ನಿಂತಿತು ಅಂತ ಎಷ್ಟೋ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ಒಮ್ಮೆ ತಿರುಗಲು ಶುರುವಾದದ್ದಕ್ಕೆ ತಿರುಗುತ್ತಲೇ ಇರಲು ಏನೂ ಬೇಕಿಲ್ಲ. ನಿಲ್ಲಬೇಕಾದರೆ ಮಾತ್ರ ಯಾರಾದರೂ ಅಡ್ಡ ಬರಬೇಕು. ಎಷ್ಟು ಜೋರಾಗಿ ಅಡ್ಡ ಬಂದರು ಅನ್ನೋದರ ಜೊತೆಗೆ ಎಲ್ಲಿ ಅಡ್ಡ ಬಂದರು ಅನ್ನೋದೂ ಮುಖ್ಯ. ಚಿಕ್ಕವರಿದ್ದಾಗ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಪೆಡಲ್ ತುಳಿದು ಹಿಂದಿನ ಚಕ್ರ ತಿರುಗಿಸಿ, ಟೈರಿಗೆ ಚಪ್ಪಲಿ ಒತ್ತಿದ್ದು ನೆನಪಿದೆಯಾ? ಬರ್ರ್ ಅಂತ ಒಂದು ಸದ್ದು, ಚಕ್ರ ನಿಂತೇಹೋಯಿತು. ಅದೇ ಬಲದಲ್ಲಿ ನಡುವಿನ ಹಬ್ಬಿಗೆ ಒತ್ತಿದರೆ ಚಕ್ರ ಲೆಕ್ಕಕ್ಕೇ ಇಡೋದಿಲ್ಲ. ನಡುವಿನಿಂದ ದೂರ ಹೋದಷ್ಟೂ ಅದೇ ಬಲಕ್ಕೆ ತಡೆಯುವ ತಾಕತ್ತು ಜಾಸ್ತಿ.

ಈಗ ಫ್ಯಾನಿನ ಒಳಗೆ ನೋಡೋಣ. ನಮ್ಮ ಮನೆಗಳಲ್ಲಿ ತೂಗುವ ಎಷ್ಟೋ ಫ್ಯಾನುಗಳಲ್ಲಿ ಇರೋದು 6202 ನಂಬರಿನ ಬೇರಿಂಗ್. ಅಂಗೈಯಲ್ಲಿಟ್ಟರೆ ದೊಡ್ಡ ನಾಣ್ಯದಷ್ಟು ಅಗಲ, ಹೊರಸುತ್ತು 35 ಮಿಲಿಮೀಟರ್. ಒಳಗಿನ ಉಕ್ಕಿನ ಗುಂಡುಗಳು ನಡುವಿನಿಂದ ಬರೀ 12 ಮಿಲಿಮೀಟರ್ ಆಸುಪಾಸಿನಲ್ಲಿ ಉರುಳುತ್ತವೆ. 1200 ಮಿಲಿಮೀಟರಿನ ಫ್ಯಾನಿನಲ್ಲಿ ರೆಕ್ಕೆಯ ತುದಿ ಇರೋದು 600 ಮಿಲಿಮೀಟರ್ ದೂರ. ಅಂದರೆ ಐವತ್ತು ಪಟ್ಟು. ಗಾಳಿ ಟೈರಿಗೆ ಒತ್ತಿದ ಚಪ್ಪಲಿಯ ಹಾಗೆ, ಬೇರಿಂಗ್ ಹಬ್ಬಿಗೆ ಒತ್ತಿದ ಹಾಗೆ. ಬುಗುರಿಯ ಮೊಳೆ ಚೂಪಾಗಿರೋದೂ ಇದಕ್ಕೇ. ನೆಲ ಉಜ್ಜುವ ಜಾಗ ನಟ್ಟನಡುವೆ ಇದ್ದರೆ ಬುಗುರಿ ಹೆಚ್ಚು ಹೊತ್ತು ಆಡುತ್ತದೆ.

ಗಾಳಿಗೆ ಇನ್ನೊಂದು ಗುಣವಿದೆ. ರೆಕ್ಕೆಯ ವೇಗ ಎರಡು ಪಟ್ಟಾದರೆ ಅಷ್ಟೇ ಹೊತ್ತಿನಲ್ಲಿ ಎರಡು ಪಟ್ಟು ಗಾಳಿ ಎದುರಾಗುತ್ತದೆ. ಆ ಗಾಳಿಯನ್ನು ಎರಡು ಪಟ್ಟು ಜೋರಾಗಿ ತಳ್ಳಬೇಕಾಗುತ್ತದೆ. ಹಾಗಾಗಿ ತಡೆ ನಾಲ್ಕು ಪಟ್ಟು. ವೇಗ ಅರ್ಧಕ್ಕೆ ಇಳಿದರೆ ತಡೆ ಕಾಲುಭಾಗಕ್ಕೆ ಕುಸಿಯುತ್ತದೆ.

ಒಂದು ಲೆಕ್ಕ ಹಾಕೋಣ. ನಿಮ್ಮ ಫ್ಯಾನ್ ನಿಮಿಷಕ್ಕೆ 360 ಸುತ್ತು ಹಾಕುತ್ತಿದೆ, ಸ್ವಿಚ್ ಆರಿಸಿದ 8 ಸೆಕೆಂಡಿಗೆ 180ಕ್ಕೆ ಇಳಿಯಿತು ಅಂತಿಟ್ಟುಕೊಳ್ಳಿ. ಬರೀ ಗಾಳಿಯೇ ತಡೆಯುತ್ತಿದ್ದರೆ 180ರಿಂದ 90ಕ್ಕೆ ಇಳಿಯಲು 16 ಸೆಕೆಂಡ್ ಬೇಕು. 90ರಿಂದ 45ಕ್ಕೆ 32 ಸೆಕೆಂಡ್. ಪ್ರತಿ ಸಲ ಅರ್ಧವಾಗಲೂ ಹಿಂದಿನದರ ಎರಡರಷ್ಟು ಹೊತ್ತು. ಈ ಲೆಕ್ಕದಲ್ಲಿ ಒಂದು ಗಂಟೆ ಕಳೆದ ಮೇಲೂ ಫ್ಯಾನ್ ನಿಮಿಷಕ್ಕೆ ಮುಕ್ಕಾಲು ಸುತ್ತು ಹಾಕುತ್ತಲೇ ಇರುತ್ತದೆ! ಗಾಳಿ ಫ್ಯಾನನ್ನು ಸುಸ್ತು ಮಾಡಬಲ್ಲದು, ನಿಲ್ಲಿಸಲಾರದು. ಮೊದಲ ಸಲ ಈ ಲೆಕ್ಕ ಮಾಡಿದಾಗ ನಾನು ಪೆನ್ನು ಕೆಳಗಿಟ್ಟು ಸುಮ್ನೆ ಮೇಲೆ ನೋಡುತ್ತಾ ಕೂತಿದ್ದೆ.

ನಿಲ್ಲಿಸೋದು ಬೇರಿಂಗ್. ಅದರ ತಡೆ ಚಿಕ್ಕದು, ಆದರೆ ವೇಗ ಕಡಿಮೆಯಾಯಿತು ಅಂತ ಅದು ಕೈ ಸಡಿಲಿಸೋದಿಲ್ಲ. ಹೆಚ್ಚುಕಡಿಮೆ ಒಂದೇ ಸಮ ಹಿಡಿದಿರುತ್ತದೆ. ಅದು ಪ್ರತಿ ಸೆಕೆಂಡಿಗೂ ವೇಗದಲ್ಲಿ 'ನಿಮಿಷಕ್ಕೆ 1 ಸುತ್ತಿನಷ್ಟು' ಕಡಿಯುತ್ತದೆ ಅಂದುಕೊಳ್ಳಿ. ಶುರುವಿನ ಸೆಕೆಂಡಿನಲ್ಲಿ ಗಾಳಿಯೇ ಸುಮಾರು 40 ಕಡಿಯುತ್ತಿರುವಾಗ ಈ 1 ಯಾರ ಕಣ್ಣಿಗೂ ಬೀಳೋದಿಲ್ಲ. ವೇಗ 45ರ ಹತ್ತಿರ ಬಂದಾಗ ಗಾಳಿಯ ಪಾಲು 1ಕ್ಕಿಂತ ಕಡಿಮೆ. ಅಲ್ಲಿಂದ ಮುಂದೆ ಬೇರಿಂಗಿನದೇ ಆಟ. ವೇಗ ನಿಮಿಷಕ್ಕೆ 20 ಸುತ್ತಿಗೆ ಇಳಿದಿದ್ದರೆ 20 ಸೆಕೆಂಡಿನೊಳಗೆ ಮುಗಿಯಿತು. ಕೊನೆಯ ಗಳಿಗೆಯಲ್ಲೂ ಅದರ ಹಿಡಿತ ಕುಗ್ಗೋದಿಲ್ಲ. ಅದಕ್ಕೇ ಫ್ಯಾನ್ ಕರಗಿದ ಹಾಗೆ ನಿಲ್ಲದೆ ತಟ್ಟನೆ ನಿಲ್ಲುತ್ತದೆ. ನಿಂತ ಮೇಲೆ ಗುಂಡು, ಗ್ರೀಸಿನ ಹಿಡಿತ ಇನ್ನೂ ಒಂದು ಚೂರು ಬಿಗಿಯಾಗುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಫ್ಯಾನ್ ನಿಂತಿರುವಾಗ ಒಂದು ರೆಕ್ಕೆಗೆ ಬಣ್ಣದ ಕಾಗದದ ಚೂರು ಅಂಟಿಸಿ. ಓಡಿಸಿ, ಆರಿಸಿ. ರೆಕ್ಕೆ ಎಣಿಸುವಷ್ಟು ನಿಧಾನವಾದ ಮೇಲೆ ಪ್ರತಿ ಸುತ್ತಿಗೂ ಎಷ್ಟು ಹೊತ್ತು ಅಂತ ಮೊಬೈಲಿನಲ್ಲಿ ನೋಡಿಕೊಳ್ಳಿ. ಈ ಕೊನೆಯ ಸುತ್ತುಗಳು ಬೇರಿಂಗಿನ ಆರೋಗ್ಯ ಹೇಳುತ್ತವೆ. ತುಂಬಾ ಹೊತ್ತು ತೇಲಿದ ಹಾಗೆ ಸುತ್ತಿದರೆ ಬೇರಿಂಗ್ ಚೆನ್ನಾಗಿದೆ. ಕರಕರ ಅಂದು ಬೇಗ ನಿಂತರೆ ಗ್ರೀಸ್ ಒಣಗಿದೆ, ಇಲ್ಲವೇ ಗುಂಡು ಸವೆದಿದೆ. ಓಡುವಾಗ ಫ್ಯಾನ್ ಮಂದ, ಆರಿಸಿದ ಮೇಲೆ ಮಾತ್ರ ಸಲೀಸಾಗಿ ಸುತ್ತುತ್ತದೆ ಅಂದರೆ ಬೇರಿಂಗ್ ಬಿಚ್ಚಿಸುವ ಮೊದಲು ಕೆಪಾಸಿಟರ್ (ಮೋಟಾರು ತಿರುಗಲು ನೆರವಾಗುವ ಚಿಕ್ಕ ವಿದ್ಯುತ್ ಬಿಡಿಭಾಗ) ನೋಡಲು ಮೆಕ್ಯಾನಿಕ್‌ಗೆ ಹೇಳಿ.